ಸರ್ಕಾರಕ್ಕೆಂದು ಬಿಟ್ಟ ಒಂದು ಸಾಲು ಬಾಳೆ

ಬಿರುಗಾಳಿ ಪರಿಹಾರ ಮತ್ತು ಸಣ್ಣ ಹಿಡುವಳಿದಾರರ ನೆರವು ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ಸಲದ ಬಿರುಗಾಳಿಗೆ ನನ್ನ ಅತ್ತಿಗೆಯ ತೋಟದ ಬಾಳೆ ಗಿಡಗಳು ಬೀಳಲಿಲ್ಲ. ಈ ಅಪರಾಧಕ್ಕಾಗಿ ನಮ್ಮ ಇಡೀ ಕುಟುಂಬದ ಪರವಾಗಿ ತಮ್ಮಲ್ಲಿ ಬಹಿರಂಗವಾಗಿ ಕ್ಷಮೆ ಕೇಳುತ್ತಿದ್ದೇನೆ. ಬೀಳಬೇಕಿತ್ತು. ಅಕ್ಕಪಕ್ಕದ ತೋಟಗಳಲ್ಲಿ ಎಲ್ಲರದ್ದೂ ಮರ್ಯಾದೆಯಾಗಿ ಬಿದ್ದಿದ್ದವು. ನಮ್ಮವು ಮಾತ್ರ ತಲೆ ಬೋಳಿಸಿಕೊಂಡು, ನಾಚಿಕೆಯಿಲ್ಲದೆ, ನೆಟ್ಟಗೆ ನಿಂತಿದ್ದವು. ಹಾಗೆ ನಿಂತ ತಪ್ಪಿಗೆ ಅತ್ತಿಗೆಗೆ ತಮ್ಮ ಕಚೇರಿಯಿಂದ ಯಾವ ನೆರವೂ ಸಿಗಲಿಲ್ಲ. ಅದು ಹೋಗಲಿ ಎಂದರೆ, ಅವು ನಿಂತಿದ್ದವು ಎಂಬ ಒಂದೇ ಕಾರಣಕ್ಕೆ ನಮ್ಮ ಬೀದಿಯ ಉಳಿದವರ ನೆರವನ್ನೂ ತಾವು ತಡೆಹಿಡಿದಿದ್ದೀರಿ. ಈಗ ಮತ್ತೆ ಗಾಳಿಯ ಕಾಲ ಬಂದಿದೆ. ಈ ಸಲ ಗಿಡ ಉಳಿಸಿಕೊಳ್ಳಬೇಕೋ ಬೀಳಿಸಿಕೊಳ್ಳಬೇಕೋ ತಿಳಿಯದೆ ಈ ಪತ್ರ ಬರೆಯುತ್ತಿದ್ದೇನೆ.

ನೀನು ಯಾರಯ್ಯಾ ಎಂದು ತಾವು ಕೇಳಬಹುದು. ತಮಗೆ ನನ್ನ ಪರಿಚಯವಿಲ್ಲದಿದ್ದರೂ ತಮ್ಮ ತಲೆಯ ಪರಿಚಯ ನನಗಿದೆ. ತಮ್ಮ ಕಚೇರಿಯ ಎದುರು ರಸ್ತೆಯಲ್ಲಿ, ಔಷಧಿ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಇರುವ ಕಟಿಂಗ್ ಶಾಪು ನನ್ನದು. ತಮ್ಮ ಕಚೇರಿಯ ಅರ್ಧ ಸಿಬ್ಬಂದಿ ನನ್ನ ಗಿರಾಕಿಗಳು. ಉಳಿದರ್ಧ ಮಂದಿಗೆ ನನ್ನ ಅಗತ್ಯ ಇಲ್ಲ, ಅವರ ಕೂದಲನ್ನು ಕಾಲವೇ ತೆಗೆದುಕೊಂಡು ಹೋಗಿದೆ. ತಾವೂ ಒಮ್ಮೆ ಬಂದಿದ್ದಿರಿ. ಯಾರೋ ದೊಡ್ಡವರು ಕಚೇರಿಗೆ ಬರುವವರಿದ್ದರು, ಅವಸರದಲ್ಲಿ ಗಡ್ಡ ಮಾಡಿಸಿಕೊಂಡು ಹೋದಿರಿ. ಕನ್ನಡಿಯಲ್ಲಿ ತಮ್ಮನ್ನು ತಾವು ಚೆನ್ನಾಗಿ ನೋಡಿಕೊಂಡಿರಿ, ಹಿಂದೆ ನಿಂತಿದ್ದ ನನ್ನನ್ನು ನೋಡಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ನನ್ನ ಕುರ್ಚಿಯಲ್ಲಿ ಕೂತವರು ಎಷ್ಟೇ ದೊಡ್ಡವರಾದರೂ ನಾನು ಹೇಳಿದಾಗ ತಲೆ ಬಗ್ಗಿಸುತ್ತಾರೆ, ಅಷ್ಟು ಗೌರವ ನನಗೆ ಸಾಕು.

ಇನ್ನು ಅತ್ತಿಗೆಯ ವಿಚಾರ. ನನ್ನ ಅಣ್ಣ ಬಂದರಿನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು, ಮಾತು ಬಹಳ ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ದೇವರು ಅತ್ತಿಗೆಗೆ ಕೊಟ್ಟಿದ್ದಾನೆ. ತೋಟ ನೋಡಿಕೊಳ್ಳುವುದು ಆಕೆಯೇ. ನಮ್ಮ ಬೀದಿಯಲ್ಲಿ ಒಂದೊಂದು ಮನೆಗೂ ಹಿತ್ತಿಲಿಗಿಂತ ತುಸು ದೊಡ್ಡದಾದ ಒಂದೊಂದು ತೋಟ; ಮುಂದೆ ಡಾಂಬರು ರಸ್ತೆ, ಹಿಂದೆ ಸಮುದ್ರದ ತಡೆಗೋಡೆ. ಆ ಗೋಡೆ ಅಲೆಯನ್ನು ತಡೆಯುತ್ತದೆ, ಗಾಳಿಯನ್ನು ಅದು ಏನು ತಡೆದೀತು? ವರ್ಷಕ್ಕೊಮ್ಮೆಯಾದರೂ ಗಾಳಿ ನಮ್ಮ ಕಡೆ ಮುಖ ಮಾಡುತ್ತದೆ. ಕೆಲವು ಸಲ ಹತ್ತಿರ ಬಂದು ಆಚೆ ತಿರುಗಿಕೊಂಡು ಹೋಗುತ್ತದೆ, ಕೆಲವು ಸಲ ನೇರವಾಗಿ ಮನೆಗೇ ಬರುತ್ತದೆ.

ಹೋದ ಸಲ ಗಾಳಿಗಿಂತ ಮೊದಲು ತಮ್ಮ ಪ್ರಚಾರದ ವ್ಯಾನು ಬಂತು. ತಮ್ಮದೇ ಕಚೇರಿಯ ವ್ಯಾನು, ಬಾಗಿಲ ಮೇಲೆ ತಮ್ಮದೇ ಕಚೇರಿಯ ಹೆಸರು. ಮೈಕಿನಲ್ಲಿ ಒಬ್ಬ ಹೆಣ್ಣುಮಗಳ ಸವಿಯಾದ ದನಿ: "ರೈತ ಬಾಂಧವರೇ, ಗಾಳಿ ಬರುವ ಮುನ್ನ ಬಾಳೆಯ ಎಲೆಗಳನ್ನು ಕತ್ತರಿಸಿ, ಗಿಡಗಳನ್ನು ಉಳಿಸಿಕೊಳ್ಳಿ. ನಿಮ್ಮ ಹಿತವೇ ನಮ್ಮ ಹಿತ." ಆಮೇಲೆ ಸ್ವಲ್ಪ ವಾದ್ಯ ಸಂಗೀತ, ಆಮೇಲೆ ಮತ್ತೆ ಅದೇ ಮಾತು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎನ್ನುವ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿತು. ಕೊನೆಗೆ ಅತ್ತಿಗೆ ವ್ಯಾನಿನ ಮುಂದೆ ಅಡ್ಡ ನಿಂತು, "ಆಯ್ತು ಮಾರಾಯ, ಕತ್ತರಿಸ್ತೀನಿ, ನೀನು ಮೊದಲು ಬಾಯಿ ಮುಚ್ಚು" ಎಂದು ಡ್ರೈವರನಿಗೆ ಹೇಳಿದರು. ಅಂದರೆ ಸರ್ಕಾರದ ಮಾತಿಗೆ ಕಿವಿಗೊಟ್ಟ ನಾಗರಿಕರು ನಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಅವರು ಇವರೊಬ್ಬರೇ. ದಯವಿಟ್ಟು ಇದನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ತಾವು ಬಾಳೆಹಣ್ಣನ್ನು ತಟ್ಟೆಯಲ್ಲಿ ಮಾತ್ರ ನೋಡಿರಬಹುದಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಬಾಳೆಗೆ ಮರದಂಥ ಕಾಂಡವಿಲ್ಲ, ನೀರು ತುಂಬಿದ ಪದರಗಳಷ್ಟೇ. ಆದರೆ ಎಲೆ ಒಂದೊಂದೂ ದೋಣಿಯ ಹಾಯಿಯಷ್ಟು ಅಗಲ. ಗಾಳಿ ಆ ಎಲೆಗಳನ್ನು ಹಿಡಿದು ಗಿಡವನ್ನು ಬೇರುಸಹಿತ ಎತ್ತಿ ಎಸೆಯುತ್ತದೆ, ಬುಡದ ಕಂದುಗಳು, ಅಂದರೆ ಮರಿಗಿಡಗಳೂ ಅದರ ಜೊತೆಗೇ ಹೋಗುತ್ತವೆ. ನಡುವಿನ ಸುಳಿಯೊಂದನ್ನು ಬಿಟ್ಟು ಎಲೆಯನ್ನೆಲ್ಲ ಮೊದಲೇ ಕಡಿದುಬಿಟ್ಟರೆ ಗಾಳಿಗೆ ಹಿಡಿದುಕೊಳ್ಳಲು ಏನೂ ಸಿಗದು. ಗಿಡ ಉಳಿಯುತ್ತದೆ, ಮುಂದಿನ ಫಸಲು ಕೊಡುವ ಕಂದುಗಳೂ ಉಳಿಯುತ್ತವೆ. ಆದರೆ ಎಲೆಯಿಲ್ಲದ ಗಿಡ ಗೊನೆ ತುಂಬಿಸಲಾರದು. ಆ ಸಲದ ಫಸಲು ಹೋದ ಹಾಗೆಯೇ. ಫಸಲು ಬಿಟ್ಟುಕೊಟ್ಟು ತೋಟ ಉಳಿಸಿಕೊಳ್ಳುವ ಕೆಲಸ ಅದು. ಗಾಳಿ ಆಚೆ ತಿರುಗಿಕೊಂಡರೆ ಕಡಿದವರು ಮೂರ್ಖರು, ಈಚೆ ಬಂದರೆ ಕಡಿಯದವರು ಮೂರ್ಖರು. ಅತ್ತ ದರಿ ಇತ್ತ ಪುಲಿ ಎಂದರೆ ಇದೇ.

ಅವತ್ತು ನಾನು ಅಂಗಡಿಗೆ ಬೀಗ ಹಾಕಿ ಅತ್ತಿಗೆಯ ಸಹಾಯಕ್ಕೆ ಹೋಗಿದ್ದೆ. ಗಿಡಗಳಲ್ಲಿ ಆಗಷ್ಟೇ ಗೊನೆ ಇಳಿದಿದ್ದವು, ಕೆಲವು ಇನ್ನೂ ಹೂವಿನ ಮೂತಿ ಬಿಡುತ್ತಿದ್ದವು. ಅತ್ತಿಗೆ ಉದ್ದ ಕೋಲಿಗೆ ಕಟ್ಟಿದ ಕುಡುಗೋಲಿನಿಂದ ಎಲೆ ಎಳೆಯುತ್ತಾ ಬಂದರು, ನಾನು ಬಿದ್ದ ಎಲೆ ಎತ್ತಿ ಬದಿಗೆ ಹಾಕುತ್ತಾ ಹೋದೆ. ಪಕ್ಕದ ತೋಟದವನು ಬೇಲಿಯ ಮೇಲೆ ಕೈಯೂರಿ ನೋಡುತ್ತಿದ್ದ. ಅವನು ಮಾತಾಡಿದರೆ ಬಂದರಿನವರೆಗೂ ಕೇಳಿಸುವುದರಿಂದ ಬೀದಿಯವರೆಲ್ಲ ಅವನನ್ನು ಗಂಟಲಪ್ಪ ಎನ್ನುತ್ತೇವೆ.

"ಅಕ್ಕಾ, ಗೊನೆ ಬಿಟ್ಟಿರೋ ಗಿಡಕ್ಕೆ ಕತ್ತಿ ಹಾಕ್ತಿದ್ದೀರಲ್ಲ, ಕೈಯಾದ್ರೂ ಹೇಗೆ ಬರುತ್ತೆ ನಿಮಗೆ?"

"ಕೈ ಬರ್ತಿಲ್ಲ ಕಣಪ್ಪ. ಕುಡುಗೋಲು ಬರ್ತಿದೆ, ಅದರ ಹಿಂದೆ ನಾನು ಹೋಗ್ತಿದ್ದೀನಿ."

"ಗಾಳಿ ತಿರುಗ್ಬಿಟ್ರೆ?"

"ತಿರುಗಿದ್ರೆ ನಿನ್ನ ತೋಟದ ಹಣ್ಣು ತಿಂತೀನಿ. ಕೊಡ್ತೀಯೋ ಇಲ್ವೋ?"

ಹೀಗೆ ತಮಾಷೆ ಮಾಡುತ್ತಲೇ ಅತ್ತಿಗೆ ಅಳುತ್ತಿದ್ದರು. ಬೆವರು ಎಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದರು, ಬೆವರು ಕಣ್ಣಿಂದ ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಒಂದೊಂದು ಗಿಡಕ್ಕೂ ಬೈಯುತ್ತಿದ್ದರು. "ಯಾಕೆ ಇಷ್ಟು ಬೇಗ ಮೂತಿ ಬಿಟ್ಟೆ? ಯಾರು ಅವಸರ ಮಾಡಿದ್ರು ನಿನಗೆ?" ಎಂದು ಕೇಳಿ ಕಡಿಯುತ್ತಿದ್ದರು.

ಗಾಳಿ ತಿರುಗಲಿಲ್ಲ. ಬಂತು. ಅದರ ವರ್ಣನೆ ಮಾಡಿ ತಮ್ಮ ಸಮಯ ಹಾಳುಮಾಡುವುದಿಲ್ಲ, ಅದು ಎಷ್ಟು ಜೋರಾಗಿತ್ತು ಎಂಬುದು ಇನ್ನೂ ತಮ್ಮ ಕಚೇರಿಯ ಪರಿಶೀಲನೆಯಲ್ಲಿರುವ ವಿಷಯ. ಗಂಟಲಪ್ಪನ ತೋಟ ಪೂರ್ತಿ ಮಲಗಿತು. ಆಚೆಯವರದ್ದೂ ಮಲಗಿತು. ಅತ್ತಿಗೆಯ ಗಿಡಗಳು ನಿಂತವು.

ಈಗ ನಮ್ಮ ಕಡೆಯ ನಿಜವಾದ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪರಿಹಾರ ಕಚೇರಿಯವರು ತೋಟ ನೋಡಲು ಬರುತ್ತಾರೆ ಎಂದು ತಿಳಿದ ಕೂಡಲೇ ಅತ್ತಿಗೆ ತೋಟ ಗುಡಿಸಿದರು. ಹೌದು, ಗುಡಿಸಿದರು! ನೆಂಟರು ಬರುತ್ತಾರೆ ಎಂದರೆ ಮನೆಯ ಮೂಲೆ ಮೂಲೆ ಒರೆಸುವ ಹೆಂಗಸು. ಸರ್ಕಾರವೇ ಮನೆಗೆ ಬರುತ್ತದೆ ಎಂದರೆ ಸುಮ್ಮನಿರುತ್ತಾರೆಯೇ? ಕಡಿದ ಎಲೆಗಳನ್ನೆಲ್ಲ ಹಿಂದಿನ ಗುಂಡಿಗೆ ಸಾಗಿಸಿದರು. ವಾಲಿದ ಗಿಡಗಳಿಗೆ ಕಂಬ ಕೊಟ್ಟು ನೆಟ್ಟಗೆ ಮಾಡಿದರು. ಒಣಗಿದ ಸಿಪ್ಪೆಗಳನ್ನು ಕಿತ್ತು, ಸಾಲುಗಳ ನಡುವೆ ಪೊರಕೆ ಹಿಡಿದು ದಾರಿ ಮಾಡಿದರು. ಸಾಲದ್ದಕ್ಕೆ ನನ್ನ ಅಂಗಡಿಯಿಂದ ತಿರುಗುವ ಕುರ್ಚಿಯನ್ನೇ ತರಿಸಿ, ಮೇಲೆ ಒಗೆದ ಟವೆಲು ಹಾಸಿ, ಅಧಿಕಾರಿಗಳು ಕೂರಲೆಂದು ತೋಟದ ನಡುವೆ ಇಡಿಸಿದರು. ಅತ್ತ ಗಂಟಲಪ್ಪ ಒಂದು ಕಡ್ಡಿಯನ್ನೂ ಎತ್ತಲಿಲ್ಲ. ಎತ್ತಲಿಲ್ಲ ಎಂದರೆ ತಪ್ಪಾಗುತ್ತದೆ. ಹಿಂದೆ ಬಿದ್ದಿದ್ದ ಒಂದು ದೊಡ್ಡ ಗಿಡವನ್ನು ಎಳೆದು ತಂದು, ಚೆನ್ನಾಗಿ ಕಾಣಲಿ ಎಂದು ರಸ್ತೆಯ ಪಕ್ಕ ಹಾಕಿದ. ಸರ್ಕಾರವನ್ನು ಅವನು ನಮಗಿಂತ ಚೆನ್ನಾಗಿ ಬಲ್ಲ.

ತಮ್ಮ ಪರಿಶೀಲನಾಧಿಕಾರಿಗಳು ಬಂದರು. ಒಳ್ಳೆಯ ಮನುಷ್ಯ, ನನ್ನ ಗಿರಾಕಿ, ಕಿವಿಯ ಮೇಲಿನ ಕೂದಲು ಮುಟ್ಟಿದರೆ ಕಚಗುಳಿಯೆಂದು ನುಲಿಯುತ್ತಾರೆ. ಜೀಪಿನಿಂದ ಇಳಿದು ರಸ್ತೆಯ ಬದಿಯಲ್ಲೇ ನಿಂತು ಗಂಟಲಪ್ಪನ ತೋಟ ನೋಡಿದರು, ಲೊಚಗುಟ್ಟಿದರು. ಆಮೇಲೆ ಅತ್ತಿಗೆಯ ತೋಟದ ಕಡೆ ತಿರುಗಿದರು.

"ಏನಮ್ಮಾ, ಇಲ್ಲಿ ಗಾಳಿ ಬಂದಿತ್ತಾ?"

"ಬಂದಿತ್ತಾ ಅಂದ್ರೆ? ನಮ್ಮ ಮನೆ ಹಂಚು ಹಾರಿಹೋಗಿ ಪಕ್ಕದೋರ ಬಾವೀಲಿ ಬಿದ್ದಿದೆ ಸಾರ್!"

"ಹಂಚು ಬೇರೆ ಇಲಾಖೆ. ಬೆಳೆ ಹೇಳಿ."

"ಬೆಳೆ ಹೋಯ್ತು. ಎಲೆ ಕಡಿದಿದ್ದೀವಿ, ಈ ಸಲ ಒಂದು ಗೊನೆಯೂ ತುಂಬಲ್ಲ."

"ಯಾರು ಕಡಿದಿದ್ದು?"

"ನಾನೇ!" ಅತ್ತಿಗೆ ಹೆಮ್ಮೆಯಿಂದ ಹೇಳಿದರು.

"ಅಂದ್ರೆ ಗಾಳಿ ಕಡಿದಿದ್ದಲ್ಲ."

"ಗಾಳಿ ಕೈಲಿ ಕುಡುಗೋಲು ಎಲ್ಲಿಂದ ಬರ್ಬೇಕು ಸಾರ್?"

ಅತ್ತಿಗೆ ನಕ್ಕರು, ಅಧಿಕಾರಿಗಳು ನಗಲಿಲ್ಲ. 'ಮಾನವಕೃತ ಹಾನಿ, ನೆರವಿಗೆ ಅರ್ಹವಲ್ಲ' ಎಂದು ಬರೆದುಕೊಂಡು, ಜೀಪು ಹತ್ತಿ ಹೋದರು. ಟವೆಲು ಹಾಸಿದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದನ್ನು ವಾಪಸು ಅಂಗಡಿಗೆ ಹೊತ್ತುಕೊಂಡು ಹೋಗುವಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮಾನ್ಯರೇ, ತಮ್ಮ ನಿಯಮದ ಗಾಂಭೀರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಗಾಳಿ ಮಾಡಿದ ಹಾನಿಗೆ ಮಾತ್ರ ನೆರವು, ಮನುಷ್ಯ ಮಾಡಿದ ಹಾನಿಗೆ ಇಲ್ಲ, ಬಹಳ ಸರಿ. ಇಲ್ಲದಿದ್ದರೆ ಬೇಕಾಬಿಟ್ಟಿ ಎಲ್ಲರೂ ತಮ್ಮ ತೋಟ ತಾವೇ ಕಡಿದುಕೊಂಡು ಕಚೇರಿಯ ಬಾಗಿಲಿಗೆ ಬಂದು ನಿಂತಾರು! ಆದರೆ ನನ್ನದೊಂದು ಸಣ್ಣ ಸಂದೇಹ. ಕಡಿಯಿರಿ ಎಂದು ಮೈಕಿನಲ್ಲಿ ಕೂಗಿದ ದನಿ ಯಾರದು? ಕಡಿದದ್ದು ತಪ್ಪು ಎಂದು ಬರೆದ ಕೈ ಯಾರದು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಲ್ಲಿ ಕೊನೇಪಕ್ಷ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಇಲ್ಲಿ ಒಂದೇ ಕಚೇರಿ. ವ್ಯಾನು ನಿಲ್ಲುವ ಜಾಗಕ್ಕೂ ಜೀಪು ನಿಲ್ಲುವ ಜಾಗಕ್ಕೂ ನಡುವೆ ಒಂದು ಬೇವಿನ ಮರವಿದೆ, ಅಷ್ಟೇ. ನನ್ನ ಅಂಗಡಿಯಿಂದ ಎರಡೂ ಕಾಣುತ್ತವೆ. ತಮ್ಮ ಬಾಯಿಗೂ ಕೈಗೂ ಇನ್ನೂ ಪರಿಚಯವಾಗಿಲ್ಲವಾದರೆ ಇಬ್ಬರನ್ನೂ ಒಂದು ದಿನ ನನ್ನ ಅಂಗಡಿಗೆ ಕಳಿಸಿಕೊಡಿ. ಅಕ್ಕಪಕ್ಕ ಕೂರಿಸಿ, ಪರಿಚಯ ಮಾಡಿಸಿ, ಇಬ್ಬರಿಗೂ ಪುಕ್ಕಟೆ ಗಡ್ಡ ಮಾಡಿ ಕಳಿಸುತ್ತೇನೆ.

ಇನ್ನೊಂದು ಮಾತು. ಮಳೆಯಲ್ಲಿ ಛತ್ರಿ ಹಿಡಿದುಕೊಂಡು ಬಂದವನ ಅಂಗಿ ನೆನೆದಿಲ್ಲ ಎಂದು ಮಳೆಯೇ ಬರಲಿಲ್ಲ ಎನ್ನುತ್ತಾರೆಯೇ? ಛತ್ರಿಗೆ ಅವನು ತೆತ್ತದ್ದು ಲೆಕ್ಕಕ್ಕಿಲ್ಲವೇ? ಅತ್ತಿಗೆ ಒಂದು ಇಡೀ ಫಸಲನ್ನು ಛತ್ರಿಯಾಗಿ ಹಿಡಿದರು. ತಮ್ಮ ಅಧಿಕಾರಿಗಳಿಗೆ ನೆನೆಯದ ಅಂಗಿ ಮಾತ್ರ ಕಂಡಿತು. ಗಿಡ ಬೀಳಿಸಿಕೊಂಡವರಿಗೆ ತಾವು ಹೊಸ ಕಂದು, ಗೊಬ್ಬರ, ತೋಟ ಕಟ್ಟಲು ನೆರವು ಎಲ್ಲವನ್ನೂ ಕೊಡಬೇಕು. ಗಿಡ ಉಳಿಸಿಕೊಂಡವರಿಗೆ ಅದರಲ್ಲಿ ಕಾಲುಭಾಗವೂ ಬೇಡ, ಒಂದು ಫಸಲು ದಾಟುವಷ್ಟು ಆಸರೆ ಸಾಕು. ಯಾವುದು ಸರ್ಕಾರಕ್ಕೆ ಲಾಭ ಎಂದು ಲೆಕ್ಕ ಹಾಕಲು ದೊಡ್ಡ ಓದು ಬೇಕಾಗಿಲ್ಲ. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರಿಗೆ ಮಾತ್ರ ತಮ್ಮಲ್ಲಿ ಬಹುಮಾನ ಎಂದು ಕಾಣುತ್ತದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನಾಲ್ಕು ಗಿರಾಕಿಗಳ ಹತ್ತಿರ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಅತ್ತಿಗೆ ಸುಮ್ಮನಾಗುವವರಲ್ಲ. ಮರುಪರಿಶೀಲನೆ ಕೇಳಿದರು. ತಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು, "ನಿಮ್ಮ ವ್ಯಾನಿನ ಹುಡುಗೀನ ಕರೀರಿ, ಅವಳೇ ಸಾಕ್ಷಿ" ಎಂದು ಕೂಗಾಡಿದರು. ಅದೇ ಅಧಿಕಾರಿಗಳು ಮತ್ತೆ ಬಂದರು. ಅಷ್ಟು ಹೊತ್ತಿಗೆ ಬುಡದ ಕಂದುಗಳು ಎದ್ದು ಹೊಸ ಎಲೆ ಬಿಟ್ಟಿದ್ದವು, ಎಳೆ ಹಸಿರು, ನೋಡಿದರೆ ಕಣ್ಣು ತಂಪಾಗಬೇಕು. ಅಧಿಕಾರಿಗಳ ಹಣೆ ಗಂಟಿಕ್ಕಿತು. ಅತ್ತಿಗೆಯ ತೋಟ ನೋಡಿದರು, ಗಂಟಲಪ್ಪನ ತೋಟ ನೋಡಿದರು, ಮತ್ತೆ ಅತ್ತಿಗೆಯ ತೋಟ ನೋಡಿದರು. ಆಮೇಲೆ ಅವರ ತಲೆಯಲ್ಲಿ ಏನೋ ಹೊಳೆಯಿತು. ಆ ತಲೆಯನ್ನು ಇಷ್ಟು ವರ್ಷದಿಂದ ಮುಟ್ಟುತ್ತಿದ್ದೇನೆ, ಅದರೊಳಗೆ ಇಂಥದ್ದು ಇದೆ ಎಂದು ನನಗೇ ಗೊತ್ತಿರಲಿಲ್ಲ.

ಅವರಿಗೆ ಹೊಳೆದದ್ದು ಇಷ್ಟು: ಒಂದೇ ಬೀದಿ, ಒಂದೇ ಗಾಳಿ. ಈಕೆಯ ಗಿಡಗಳು ನಿಂತಿವೆ. ಅಂದ ಮೇಲೆ ಗಾಳಿ ಗಿಡ ಕೆಡವುವಷ್ಟು ಜೋರಾಗಿರಲಿಲ್ಲ. ಅಂದ ಮೇಲೆ ಪಕ್ಕದವರ ಗಿಡಗಳು ಗಾಳಿಯಿಂದ ಬಿದ್ದದ್ದಲ್ಲ, ಆರೈಕೆಯಿಲ್ಲದೆ ಬಿದ್ದಿರಬೇಕು. ಆದ್ದರಿಂದ ಈ ಬೀದಿಯಲ್ಲಿ ಗಾಳಿ ಬೀಸಿತೋ ಇಲ್ಲವೋ ಎಂಬುದು ಇತ್ಯರ್ಥವಾಗುವವರೆಗೆ ಎಲ್ಲರ ನೆರವನ್ನೂ ತಡೆಹಿಡಿಯತಕ್ಕದ್ದು.

ಭಲೇ! ಗಾಳಿ ನಮ್ಮ ಹಂಚು ಹಾರಿಸಿತು, ಬೇಲಿ ಕಿತ್ತಿತು, ಬಂದರಿನ ದೀಪದ ಕಂಬ ಬಗ್ಗಿಸಿತು. ಅದು ಬೀಸಿತ್ತು ಎಂದು ತಮ್ಮ ಕಚೇರಿಗೆ ಇನ್ನೂ ಖಾತ್ರಿಯಿಲ್ಲ. ತಾವೇ ಸಮುದ್ರದ ಹತ್ತಿರ ಹೋಗಿ, ಗಾಳಿಯನ್ನು ಕರೆಸಿ, ವಿಚಾರಣೆ ಮಾಡಿ ಎಂದು ಸಲಹೆ ಕೊಡೋಣವೆಂದಿದ್ದೆ. ಆದರೆ ನಮ್ಮ ಬೀದಿಯಲ್ಲಿ ಆಗ ಯಾರಿಗೂ ನಗು ಬರುತ್ತಿರಲಿಲ್ಲ.

ಬೀದಿಯವರ ಸಿಟ್ಟು ತಮ್ಮ ಮೇಲೆ ಬರಬೇಕಿತ್ತು. ತಾವು ದೂರ, ಅತ್ತಿಗೆ ಹತ್ತಿರ. ಯಾರದೋ ತಪ್ಪಿಗೆ ಯಾರಿಗೋ ಬರೆ. ಬಾವಿಯ ಹತ್ತಿರ ಅತ್ತಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡತೊಡಗಿದರು. "ಗಿಡಕ್ಕೆ ತಲೆ ಬೋಳಿಸಿ ಬೀದೀಗೂ ಬೋಳಿಸಿಬಿಟ್ಲು" ಎಂದು ನನ್ನ ಅಂಗಡಿಯಲ್ಲೇ, ನನ್ನ ಕುರ್ಚಿಯಲ್ಲೇ ಕೂತು ಒಬ್ಬರು ಹೇಳಿದರು. ನಾನು ಅತ್ತಿಗೆಯ ಮೈದುನ ಎಂಬುದು ನೆನಪಾಗಿ ಆಮೇಲೆ ಕೆಮ್ಮಿದರು. ಕೊನೆಗೊಂದು ಸಂಜೆ ಗಂಟಲಪ್ಪ ಮನೆಗೆ ಬಂದ. ಜೀವನದಲ್ಲಿ ಮೊದಲ ಸಲ ಅವನು ಪಿಸುಮಾತಿನಲ್ಲಿ ಮಾತಾಡಿದ್ದನ್ನು ಕೇಳಿದೆ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಂದಷ್ಟು ಗಿಡ ಕೆಡವಿಬಿಡಿ. ಗಾಳಿಗೆ ಬೇರು ಸಡಿಲವಾಗಿತ್ತು, ಈಗ ಬಿತ್ತು ಅಂತ ಹೇಳೋಣ. ನಮ್ಮ ಮನೇಲಿ ಕಂದು ತರೋಕೂ ಗತಿ ಇಲ್ಲ. ನಿಮ್ಮ ಕಾಲಿಗೆ ಬೇಕಾದ್ರೆ ಬೀಳ್ತೀನಿ."

ಅತ್ತಿಗೆ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಎದ್ದು ಸೀದಾ ತೋಟಕ್ಕೆ ಹೋದರು. ಅಣ್ಣನೂ ನಾನೂ ಹಿಂದೆ ಹೋದೆವು. ಮೊದಲ ಗಿಡಕ್ಕೆ ಭುಜ ಕೊಟ್ಟು ತಳ್ಳಿದರು. ಗಿಡ ಅಲ್ಲಾಡಿತು, ಬೀಳಲಿಲ್ಲ. ಮತ್ತೆ ತಳ್ಳಿದರು. ಬಿರುಗಾಳಿಗೇ ಬೀಳದ್ದು ಅತ್ತಿಗೆಯ ಭುಜಕ್ಕೆ ಬಿದ್ದೀತೇ? ನಾಲ್ಕಾರು ಸಲ ತಳ್ಳಿ, ಕೊನೆಗೆ ಆ ಗಿಡವನ್ನೇ ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟರು. "ನನ್ನ ಕೈಲಿ ಆಗಲ್ಲ ಕಣೋ," ಎಂದು ನನಗೆ ಹೇಳಿದರು. "ಗಿಡ ಉಳಿಸ್ಕೊಂಡೆ, ಜನಾನ ಕಳ್ಕೊಂಡೆ. ಏನು ತಪ್ಪು ಮಾಡಿದೆ ಅಂತ ಯಾರಾದ್ರೂ ಹೇಳಿದ್ರೆ ತಿದ್ಕೋತೀನಿ." ಅಣ್ಣ ಆಕೆಯ ಭುಜಕ್ಕೆ ಅಂಟಿದ್ದ ಬಾಳೆಯ ಅಂಟನ್ನು ತನ್ನ ಟವೆಲಿನಿಂದ ಒರೆಸುತ್ತಾ ನಿಂತ. ಅಷ್ಟರಲ್ಲಿ ತನ್ನ ತೋಟಕ್ಕೆ ಹೋಗಿದ್ದ ಗಂಟಲಪ್ಪ ಬೇಲಿಯಾಚೆಯಿಂದ ನೋಡಿ ಒಳಗೆ ಹೋದ. ಅವತ್ತಿನಿಂದ ಎರಡು ಮನೆಗೂ ಮಾತಿರಲಿಲ್ಲ.

ಇದಾದ ಮೇಲೆ ತಮ್ಮ ಪರಿಶೀಲನಾಧಿಕಾರಿಗಳು ಕಟಿಂಗಿಗೆ ಬಂದರು. ಬಟ್ಟೆ ಹೊದಿಸಿ, ಕುತ್ತಿಗೆಗೆ ಗಂಟು ಹಾಕಿ, ತಲೆ ಬಗ್ಗಿಸಿ ಎಂದೆ. ಬಗ್ಗಿಸಿದರು. ಆಗ ಕೇಳಿದೆ.

"ಸಾರ್, ಒಂದು ಮಾತು. ಆ ಹೆಣ್ಣುಮಗಳು ಏನು ಮಾಡಿದ್ರೆ ಸರಿ ಇರ್ತಿತ್ತು?"

"ನೋಡ್ರೀ, ನನಗೆ ಬೇಜಾರಿಲ್ಲ ಅಂದ್ಕೊಂಡ್ರಾ? ನಾನೂ ಮನುಷ್ಯನೇ. ನನಗೆ ಬಿದ್ದಿದ್ದನ್ನ ಬರೆಯೋಕೆ ಹೇಳಿದ್ದಾರೆ, ಬಿದ್ದಿದ್ದನ್ನ ಬರೀತೀನಿ. ನಿಂತಿದ್ದನ್ನ ಎಲ್ಲಿ ಬರೀಲಿ?"

"ಹಾಗಾದ್ರೆ ಎಲೆ ಕಡೀಬಾರದಾ?"

"ಕಡೀಬಾರ್ದು ಅಂತ ನಾನು ಹೇಳಿದ್ನಾ? ಅದು ಪ್ರಚಾರ ವಿಭಾಗದ ವಿಷಯ, ನಾನು ಬಾಯಿ ಹಾಕಂಗಿಲ್ಲ. ಒಟ್ಟಿನಲ್ಲಿ ಏನಾದ್ರೂ ಬಿದ್ದಿರ್ಬೇಕು ಕಣ್ರೀ. ಆಕೆ ತೋಟದಲ್ಲಿ ಒಂದು ಸಾಲಾದ್ರೂ ಬಿದ್ದಿದ್ರೆ ಗಾಳಿ ಬಂದಿತ್ತು ಅಂತ ಬರೆದು ಕೈ ತೊಳ್ಕೋತಿದ್ದೆ. ಕಿವಿ ಹತ್ರ ನಿಧಾನ, ಕಚಗುಳಿ ಆಗುತ್ತೆ."

ಕಿವಿಯ ಹತ್ತಿರ ನಿಧಾನವಾಗಿಯೇ ಮಾಡಿದೆ. ಮಾನ್ಯರೇ, ನಾನು ಅವರನ್ನು ದೂರುತ್ತಿಲ್ಲ. ಅವರು ತಾವು ಕೊಟ್ಟ ಅಳತೆಗೋಲನ್ನು ಹಿಡಿದುಕೊಂಡು ಓಡಾಡುತ್ತಾರೆ, ಅಷ್ಟೇ. ಮಲಗಿದ್ದನ್ನು ಮಾತ್ರ ಅಳೆಯುವ ಕೋಲನ್ನು ಮಾಡಿಸಿದವರು ತಾವು. ಅವರು ಹೇಳಿದ ಮಾತನ್ನು ಅವತ್ತೇ ಮನೆಗೆ ಹೋಗಿ ಅತ್ತಿಗೆಗೆ ಒಪ್ಪಿಸಿದೆ. ಅತ್ತಿಗೆ ಕೇಳಿಸಿಕೊಂಡು, ಹ್ಞೂಂ ಅಂದರು. ಅಷ್ಟು ಮಾತಾಡುವ ಹೆಂಗಸು ಬರೀ ಹ್ಞೂಂ ಅಂದರೆ ಏನೋ ನಡೆಯುತ್ತಿದೆ ಎಂದು ನನಗೆ ಅನುಮಾನ ಬಂದಿತ್ತು.

ಈಗ ವರ್ತಮಾನಕ್ಕೆ ಬರುತ್ತೇನೆ. ಸಮುದ್ರದ ಮೇಲೆ ಮತ್ತೆ ಗಾಳಿ ಕಟ್ಟಿಕೊಳ್ಳುತ್ತಿದೆಯೆಂದು ರೇಡಿಯೋ ಹೇಳುತ್ತಿದೆ. ನಿನ್ನೆ ಬೆಳಿಗ್ಗೆ ತಮ್ಮ ವ್ಯಾನು ಬೀದಿಗೆ ಬಂತು. ಅದೇ ದನಿ, ಅದೇ ವಾದ್ಯ, ಅದೇ "ಎಲೆಗಳನ್ನು ಕತ್ತರಿಸಿ, ಗಿಡಗಳನ್ನು ಉಳಿಸಿಕೊಳ್ಳಿ". ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಯಾರೂ ವ್ಯಾನಿನ ಕಡೆ ನೋಡಲಿಲ್ಲ, ಎಲ್ಲರೂ ಅತ್ತಿಗೆಯ ಮನೆ ಕಡೆ ನೋಡುತ್ತಿದ್ದರು. ಸಾಲ ಸೋಲ ಮಾಡಿ ನೆಟ್ಟ ಗಂಟಲಪ್ಪನ ಹೊಸ ಗಿಡಗಳು ಎದೆಯೆತ್ತರಕ್ಕೆ ಬಂದಿವೆ. ಅತ್ತಿಗೆಯ ತೋಟವಂತೂ ಗೊನೆಗಳಿಂದ ಜೋತುಬಿದ್ದಿದೆ. ಅದರಲ್ಲೂ ರಸ್ತೆ ಪಕ್ಕದ ಸಾಲಿಗೆ ಚರಂಡಿಯ ನೀರು ಸಿಗುವುದರಿಂದ ಇನ್ನೂ ಬಲಿಯದಿದ್ದರೂ ಒಂದೊಂದು ಗೊನೆಯನ್ನೂ ಇಬ್ಬರು ಹೊರಬೇಕು.

ಅತ್ತಿಗೆ ಕುಡುಗೋಲು ಕಟ್ಟಿದ ಕೋಲು ತೆಗೆದುಕೊಂಡು ಹೊರಗೆ ಬಂದರು. ತಡೆಗೋಡೆಯ ಕಡೆಯಿಂದ ಶುರು ಮಾಡಿದರು. ನಾನು ಎಲೆ ಎತ್ತಿದೆ, ಅಣ್ಣನೂ ಕೆಲಸ ಬಿಟ್ಟು ಬಂದು ಎತ್ತಿದ. ಒಂದೊಂದೇ ಸಾಲು ಬೋಳಾಗುತ್ತಾ ರಸ್ತೆಯ ಹತ್ತಿರ ಬಂದೆವು. ಕೊನೆಯ ಸಾಲಿನ ಮುಂದೆ ಅತ್ತಿಗೆ ನಿಂತರು. ಬೇಲಿಯಾಚೆ ಗಂಟಲಪ್ಪ ನಿಂತಿದ್ದ. ನಾನು ಮುಂದಿನ ಗಿಡದ ಎಲೆ ಹಿಡಿದುಕೊಂಡೆ.

"ಅದನ್ನ ಬಿಡೋ," ಎಂದರು ಅತ್ತಿಗೆ.

"ಯಾಕೆ ಅತ್ತಿಗೆ? ಇದೇ ಅಲ್ವಾ ಎಲ್ಲಕ್ಕಿಂತ ಒಳ್ಳೇ ಸಾಲು?"

"ಒಳ್ಳೇದು ಅಂತಲೇ ಬಿಡ್ತಿರೋದು. ಇದು ಸರ್ಕಾರದ ಸಾಲು. ಜೀಪಿಂದ ಇಳೀದೇನೇ ಕಾಣುತ್ತೆ. ಇದು ಬೀಳಲಿ. ಬಿದ್ದಿದ್ದನ್ನ ಬರ್ಕೊಂಡು ಹೋಗ್ಲಿ, ಬೀದಿ ಜನಕ್ಕಾದ್ರೂ ಸಿಗ್ಲಿ."

ಬೇಲಿಯಾಚೆಯಿಂದ, ಬಂದರಿನವರೆಗೂ ಕೇಳಿಸುವ ಆ ಹಳೆಯ ಗಂಟಲು ಎದ್ದಿತು: "ಅಕ್ಕಾ! ನಾನೂ ಒಂದು ಸಾಲು ಬಿಟ್ರೆ ಸಾಕಾ? ಉಳಿದದ್ದು ಕಡೀಲಾ?"

"ಸಾಕು ಕಣಪ್ಪ. ರಸ್ತೆ ಕಡೇದು ಬಿಡು. ಕುಡುಗೋಲು ಬೇಕಾ?"

ಹೀಗೆ ಮಾನ್ಯರೇ, ನಿನ್ನೆ ಸಂಜೆಯ ಹೊತ್ತಿಗೆ ನಮ್ಮ ಬೀದಿಯ ತೋಟಗಳೆಲ್ಲ ಬೋಳಾಗಿವೆ, ರಸ್ತೆ ಪಕ್ಕದ ಒಂದೊಂದು ಸಾಲು ಮಾತ್ರ ಹಸಿರಾಗಿ ನಿಂತಿದೆ. ತಾವು ಜೀಪಿನಲ್ಲಿ ಬಂದರೆ ಬೀದಿಯುದ್ದಕ್ಕೂ ತಮ್ಮನ್ನು ಸ್ವಾಗತಿಸಲು ನಿಲ್ಲಿಸಿದ ಹಾಗೆ ಕಾಣುತ್ತದೆ. ಅತ್ತಿಗೆ ರಾತ್ರಿ ಊಟಕ್ಕೆ ಕೂತಾಗ ಗೊನೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ, ಗಂಟಲಪ್ಪ ಮಾತಾಡಿಸಿದ ಎಂದು ಮಾತ್ರ ಮತ್ತೆ ಮತ್ತೆ ಹೇಳಿದರು. ಇವತ್ತು ಬೆಳಿಗ್ಗೆ ನೋಡಿದರೆ ಆ ಸಾಲಿನ ಬುಡಕ್ಕೆ ನೀರು ಹಾಕುತ್ತಿದ್ದರು. ಯಾಕೆ ಅತ್ತಿಗೆ, ಹೇಗೂ ಬೀಳುವುದಲ್ಲ ಎಂದರೆ, "ಬೀಳೋವರೆಗೂ ಅದಕ್ಕೆ ಬಾಯಾರಿಕೆ ಆಗಲ್ವಾ?" ಎಂದು ನನ್ನ ಮೇಲೆ ರೇಗಿದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಬೀದಿಯವರ ತಡೆಹಿಡಿದ ನೆರವನ್ನು ಬಿಡುಗಡೆ ಮಾಡಿ. ಗಾಳಿ ಬೀಸಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಗಾಳಿಗಿಂತ ಮುಂಚೆ, ತಮ್ಮದೇ ಮಾತು ಕೇಳಿ ಕಡಿದ ಎಲೆಯನ್ನು ಗಾಳಿಯೇ ಕಡಿದದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕೆಲ್ಲ ಸಭೆ, ಚರ್ಚೆ, ಸಹಿ ಬೇಕಾಗುತ್ತದೆ, ಅಷ್ಟರಲ್ಲಿ ಗಾಳಿ ಬಂದು ಹೋಗಿರುತ್ತದೆ ಎನ್ನುವುದಾದರೆ ಇಷ್ಟು ಮಾಡಿ. ಗಾಳಿ ಇನ್ನೂ ದೂರವಿದೆ. ತಾವೇ ಖುದ್ದಾಗಿ ಒಂದು ಸಲ ನಮ್ಮ ಬೀದಿಗೆ ಬನ್ನಿ. ಜೀಪಿನಿಂದ ಇಳಿಯುವುದೂ ಬೇಡ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಮ್ಮಾ, ಆ ಸಾಲನ್ನೂ ಕಡಿಯಿರಿ, ನಿಂತ ಗಿಡಕ್ಕೂ ನಾವು ಲೆಕ್ಕ ಕೊಡುತ್ತೇವೆ" ಎಂದು ಒಂದು ಮಾತು ಹೇಳಿ. ಕುಡುಗೋಲು ಬಾಗಿಲ ಪಕ್ಕದಲ್ಲೇ ಒರಗಿಸಿದೆ. ತಾವು ಹೇಳಿದ ಮರುಕ್ಷಣ ಬೀದಿಯವರೆಲ್ಲ ಸೇರಿ ಕಡಿದು ಆ ಗಿಡಗಳನ್ನೂ ಉಳಿಸಿಕೊಳ್ಳುತ್ತೇವೆ.

ತಾವು ಬರದಿದ್ದರೆ ಸಾಲು ಹಾಗೆಯೇ ನಿಂತಿರುತ್ತದೆ, ಗಾಳಿಗೆ ಕಾಯುತ್ತಿರುತ್ತದೆ. ಅಕಸ್ಮಾತ್ ಈ ಸಲ ಆ ಸಾಲೂ ಬೀಳದೆ ನಿಂತುಬಿಟ್ಟರೆ ದಯವಿಟ್ಟು ಬೀದಿಯ ಮೇಲೆ ಸಿಟ್ಟಾಗಬೇಡಿ. ಅತ್ತಿಗೆ ಈಗಾಗಲೇ ಹೇಳಿದ್ದಾರೆ, ಈ ಸಲ ಒಬ್ಬರೇ ತಳ್ಳುವುದಿಲ್ಲವಂತೆ, ಬೀದಿಯೇ ಬಂದು ಭುಜ ಕೊಡುತ್ತದಂತೆ.

ಇಂತಿ,
ತಮ್ಮ ಕಚೇರಿಯ ತಲೆಗಳನ್ನು ಬಹುಕಾಲದಿಂದ ಬಲ್ಲ, ಆದರೆ ಒಳಗಿನದನ್ನು ತಿದ್ದುವ ಕತ್ತರಿ ಇಲ್ಲದ,
ಎದುರು ರಸ್ತೆಯ ಕಟಿಂಗ್ ಶಾಪಿನವನು
(ಗಿಡ ಬೀಳಿಸಿಕೊಳ್ಳಲಾರದ ಒಬ್ಬ ಹೆಂಗಸಿನ ಮೈದುನ)